ಸೂರಿನಿಂದ ಬಿದ್ದದ್ದು

ತಪ್ ಎಂದು ಏನೋ ಬಿತ್ತು.

ಹನೂರಿನ ಹಳೆಯ ಛತ್ರದಲ್ಲಿ ಪಕ್ಕಪಕ್ಕದ ಮಂಚಗಳ ಮೇಲಿದ್ದ ಇಬ್ಬರಿಗೂ ಸದ್ದು ಕೇಳಿಸಿತು. ನೋಡುವಂತಿರಲಿಲ್ಲ. ಕೊಯಮತ್ತೂರಿನ ಕಡೆಯಿಂದ ಬಂದಿದ್ದ ಡಾಕ್ಟರು ಪೊರೆ ತೆಗೆದು, ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ, ತಲೆಯ ಆಚೀಚೆ ಮರಳಿನ ಚೀಲ ಇಟ್ಟಿದ್ದರು. ಅಂಗಾತ ಮಲಗಿರಬೇಕು, ತಲೆ ಅಲುಗಿಸಿದರೆ ಕಣ್ಣು ಹೋದಂತೆಯೇ ಎಂದಿದ್ದರು.

“ಗೌರಕ್ಕ, ಇಲಿ ಬಿತ್ತು,” ಎಂದಳು ಶಿವರತ್ನಮ್ಮ.

“ಇಲಿ ಯಾಕಾದದು? ಹಲ್ಲಿ ಕಣವ್ವ,” ಎಂದಳು ಪುಟ್ಟಗೌರಮ್ಮ.

“ಹಲ್ಲಿ ಇಷ್ಟ್ ದಪ್ಪಗೆ ಬೀಳ್ತದಾ?”

“ಬಸುರಿ ಹಲ್ಲಿ ಇರ್ಬೋದು.”

ಊರಿಗೆ ಪ್ಲೇಗು ಬಂದಿತ್ತು. ಸೂರಿನಿಂದ ಇಲಿ ಸತ್ತು ಬಿದ್ದ ಮನೆಯನ್ನು ಅಂದೇ ಬಿಟ್ಟು ಹೊಲದ ಗುಡಿಸಲಿಗೆ ಹೋಗಬೇಕು. ಅರ್ಧ ಊರು ಆಗಲೇ ಹೋಗಿತ್ತು. ಛತ್ರದಲ್ಲಿ ಇಲಿ ಬಿದ್ದರೆ ಇವರೂ ಹೋಗಬೇಕು, ಎತ್ತಿನ ಗಾಡಿಯಲ್ಲಿ, ಕಲ್ಲಿನ ದಾರಿಯಲ್ಲಿ. ಪುಟ್ಟಗೌರಮ್ಮನಿಗೆ ಉಳಿದಿದ್ದದ್ದು ಇದೊಂದೇ ಕಣ್ಣು. ಅದೂ ಮಂಜಾದ ಮೇಲೆ, ಇನ್ನೂ ಹಣ್ಣಾಗದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಟ್ಟಳೆಂದು, ಸೊಸೆ ಅವಳನ್ನು ಹುಳುಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ.

“ಕಂಪೌಂಡರ್ನ ಕೂಗ್ಲಾ?” ಎಂದಳು ಶಿವರತ್ನಮ್ಮ.

“ಸುಮ್ಕಿರವ್ವ, ನಡುರಾತ್ರೀಲಿ.”

“ನಡುರಾತ್ರಿ ಅಂತ ನಿಂಗೆಂಗೆ ಗೊತ್ತು?”

“ಗೊರಕೆ ಒಡೀತಾವ್ರಲ್ಲ.”

“ಅವ್ರು ಮಧ್ಯಾನ್ದಲ್ಲೂ ಒಡೀತಾರೆ.”

“ಕೂಗುದ್ರೆ ಗಾಡಿ ಹತ್ಸುತಾರೆ. ಆ ಕುಲುಕಾಟಕ್ಕೆ ಕಣ್ಣು ಕೈಗೇ ಬತ್ತದೆ.”

“ಇಲ್ಲೇ ಇದ್ದು ಗಡ್ಡೆ ಎದ್ರೆ?”

ಪುಟ್ಟಗೌರಮ್ಮ ಸ್ವಲ್ಪ ಯೋಚಿಸಿದಳು. “ಗಡ್ಡೆ ಏಳೋದು ಕಂಕುಳಲ್ಲಿ. ಕಣ್ಣಿಗೇನೂ ಆಗಕಿಲ್ಲ.”

ಶಿವರತ್ನಮ್ಮನಿಗೆ ಅದು ಸರಿಯೆನಿಸಿತು. “ನನ್ದು ಬಿಚ್ಚೋದು ನಾಳಿದ್ದು. ಬೆಳಿಗ್ಗೆ ನಿನ್ ಕಟ್ಟು ಬಿಚ್ಚಿ ಔಸ್ದಿ ಆಕ್ತಾರಲ್ಲ, ನೋಡ್ಬುಟ್ಟು ನಂಗೆ ಹೇಳು,” ಎಂದಳು.

ಬೆಳಿಗ್ಗೆ ಡಾಕ್ಟರು ಮಂಚದ ಪಕ್ಕದಲ್ಲಿ ಕುಳಿತು ಕಟ್ಟು ಬಿಚ್ಚಿದರು. ಔಷಧದ ಹನಿ ತಣ್ಣಗೆ ಹರಿದು ಹೋದ ಮೇಲೆ ಮೊದಲು ಬೆಳಕು, ಆಮೇಲೆ ಅವರ ಬಿಳಿಯ ಕೋಟು, ಕೋಟಿನ ಹಿಂದೆ ಗೋಡೆಗೆ ಹೊಡೆದ ಹಲಗೆಯ ಮೇಲೆ ಬೂದುಬಣ್ಣದ ಏನೋ ಒಂದು ಕಾಣಿಸಿತು. ಅದಕ್ಕೆ ಬಾಲವಿತ್ತು. ಕಾಲುಗಳನ್ನು ಮೇಲೆ ಮಾಡಿ, ಅಂಗಾತ, ತಲೆ ಸ್ವಲ್ಪವೂ ಅಲುಗಿಸದೆ, ಡಾಕ್ಟರು ಹೇಳಿದಂತೆಯೇ ಮಲಗಿತ್ತು.

“ಎನ್ನಮ್ಮಾ, ಏನು ತೆರಿಯುತ್ತೆ?” ಎಂದು ಡಾಕ್ಟರು ತಮಗೆ ಬಂದಷ್ಟು ಕನ್ನಡದಲ್ಲಿ ಕೇಳಿದರು. “ಏನು ಕಾಣುತ್ತೆ, ಹೇಳಿ.”

ಪುಟ್ಟಗೌರಮ್ಮ ಹಲಗೆಯನ್ನು ನೋಡಿದಳು, ಡಾಕ್ಟರನ್ನು ನೋಡಿದಳು.

“ಏನೂ ಕಾಣಾಕಿಲ್ಲ ಸಾ.”

ಡಾಕ್ಟರ ಮುಖ ಇಳಿದುಹೋಯಿತು. ಇಳಿದ ಮುಖವೂ, ಮೂಗಿನ ಪಕ್ಕದ ನರುಲಿಯೂ ಅವಳಿಗೆ ಚೆನ್ನಾಗಿಯೇ ಕಾಣಿಸಿದವು. “ಇನ್ನೂ ಒಂದು ವಾರ ಅಲುಗಾಡದೆ ಮಲಗಿರಿ,” ಎಂದು ನಿಟ್ಟುಸಿರುಬಿಟ್ಟು, ಮತ್ತೆ ಬಟ್ಟೆ ಕಟ್ಟಿ, ಅವರು ಹೊರಗೆ ಹೋದರು.

“ಏನ್ ಬಿದ್ದಿತ್ತು ಗೌರಕ್ಕ?” ಶಿವರತ್ನಮ್ಮ ಪಿಸುಗುಟ್ಟಿದಳು.

“ಹಲ್ಲಿ.”

“ಬಸುರಿಯಾ?”

“ಊಂ.”

ಇದನ್ನು ಯಾರಿಗೂ ಹೇಳಬಾರದೆಂದುಕೊಂಡು ಪುಟ್ಟಗೌರಮ್ಮ ಕೈಯಾಡಿಸಿ ಮರಳಿನ ಚೀಲಗಳನ್ನು ತಲೆಗೆ ಇನ್ನಷ್ಟು ಒತ್ತಿ ಇಟ್ಟುಕೊಂಡಳು. ಆ ಕೋಣೆಯಲ್ಲಿ ಈಗ ಮೂವರು ಅಂಗಾತ ಮಲಗಿದ್ದರು.