ಓದಿ ಹೇಳುವ ಮೊಬೈಲು

ಕಣ್ಣು ಕಾಣದ ಆಕೆ ಮನೆಯಲ್ಲಿ ಒಬ್ಬಳೇ ಇದ್ದಳು. ಬೆಲ್ ಆದಾಗ ಮುಂಬಾಗಿಲು ತೆರೆದಳು, ಗ್ರಿಲ್‌ನ ಬೀಗ ಮಾತ್ರ ತೆಗೆಯಲಿಲ್ಲ.

"ಗ್ಯಾಸ್ ಚೆಕ್ ಮಾಡೋಕೆ ಬಂದಿದ್ದೀನಮ್ಮ."

"ಕಾರ್ಡ್ ಇದ್ರೆ ಕ್ಯಾಮೆರಾ ಮುಂದೆ ಹಿಡೀರಿ."

ಗ್ರಿಲ್‌ನ ಸಂದಿಗೆ ಮೊಬೈಲ್ ಒಡ್ಡಿದಳು. ಎದುರಿಗೆ ಯಾವ ಅಕ್ಷರ ಕಂಡರೂ ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಅದರಲ್ಲಿತ್ತು.

"ಗ್ಯಾಸ್ ತಪಾಸಣೆ. ಚನ್ನವೀರಯ್ಯ," ಎಂದಿತು ಮೊಬೈಲ್.

"ಇಂಥ ಕಾರ್ಡ್ ಯಾರು ಬೇಕಾದ್ರೂ ಮಾಡಿಸ್ಕೋಬಹುದು. ನಮ್ಮೆಜಮಾನ್ರು ಇದ್ದಾಗ ಬನ್ನಿ."

ಆತ ಸಿಟ್ಟಾಗಲಿಲ್ಲ. "ಆಗ್ಲಮ್ಮ. ಅಡುಗೆಮನೇಲಿ ವಾಸನೆ ಏನಾದ್ರೂ ಬರುತ್ತಾ?"

"ಇಲ್ಲಪ್ಪ. ಹಿತ್ಲ ಬಾಗಿಲು ತೆಗೆದೇ ಇಟ್ಟಿರ್ತೀನಿ."

"ಹಿತ್ಲ ಬಾಗಿಲು ತೆಗೆದಿದ್ಯಾ? ಒಳ್ಳೇದಾಯ್ತು ಬಿಡಿ!" ಎಂದ, ಯಾಕೋ ಸ್ವಲ್ಪ ಜೋರಾಗಿಯೇ. ಆಮೇಲೂ ಹೋಗಲಿಲ್ಲ. ಪೈಪ್ ಹಳೇದಾ, ಸಿಲಿಂಡರ್ ಯಾವಾಗ ಬಂತು ಎಂದು ಒಂದೊಂದೇ ಕೇಳುತ್ತ ನಿಂತ.

ಆಕೆಗೆ ಸಾಕಾಯಿತು. ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿ, ಚಿಲಕ ಎಳೆದು ನಿಟ್ಟುಸಿರು ಬಿಟ್ಟಳು. ಮೊಬೈಲ್ ಇನ್ನೂ ಕೈಯಲ್ಲೇ ಇತ್ತು, ಆ್ಯಪ್ ಆಫ್ ಮಾಡಿರಲಿಲ್ಲ. ಅಡುಗೆಮನೆಯ ಕಡೆ ತಿರುಗಿದಳು.

"ಗ್ಯಾಸ್ ತಪಾಸಣೆ," ಎಂದಿತು ಮೊಬೈಲ್. "ಗಿರಿಯಪ್ಪ."