ಸುಣ್ಣದ ತಿಳಿನೀರು

ಬಹುಮಾನದ ದಿನ ಗೆದ್ದವರಿಗೆ ಹಾರ ಹಾಕುವವರು ಮೊದಲು ಲ್ಯಾಬಿಗೆ ಹೋಗಿ ಸುಣ್ಣದ ತಿಳಿನೀರಿನೊಳಗೆ ಊದಬೇಕು. ಉಸಿರಿನಲ್ಲಿ ಹೊಟ್ಟೆಕಿಚ್ಚಿದ್ದರೆ ನೀರು ಹಾಲಿನಂತಾಗುತ್ತದೆ. ಅಂಥವರು ಹಾರ ಮುಟ್ಟುವಂತಿಲ್ಲ. ನಮ್ಮ ಹೈಸ್ಕೂಲಿನಲ್ಲಿ ಇದು ಬೆಳಗಿನ ಪ್ರಾರ್ಥನೆಯಷ್ಟೇ ಮಾಮೂಲು.

ಈ ಸಲ ಗೆದ್ದವಳು ನನ್ನ ಗೆಳತಿ ತಸ್ನೀಮ್. ಎರಡೇ ಅಂಕದಿಂದ ಸೋತವಳು ನಾನು. ಹಾರ ಹಾಕಲು ಅವಳು ನನ್ನ ಹೆಸರನ್ನೇ ಹೇಳಿದ್ದಳು.

ನಾಲ್ಕು ಸಲ ಊದುವಷ್ಟರಲ್ಲಿ ಪ್ರನಾಳದ ನೀರು ಬೆಳ್ಳಗಾಯಿತು. ಪುಷ್ಪಲತಾ ಟೀಚರ್ ಬೆನ್ನು ತಿರುಗಿಸಿ ಬೀರುವಿನ ಕೀ ಹುಡುಕುತ್ತಿದ್ದರು. ನಾನು ಕೊಳವೆ ಬಿಡಲಿಲ್ಲ. ಅವಳ ಮೆಡಲು, ಮುಂದಿನ ಸಾಲಿನಲ್ಲಿ ಕೂತ ಅವಳ ಅಪ್ಪನ ನಗು, ನನ್ನನ್ನೇ ಕರೆದ ಆ ದೊಡ್ಡಸ್ತಿಕೆ, ಎಲ್ಲ ನೆನೆಸಿಕೊಂಡು ಊದುತ್ತಲೇ ಹೋದೆ. ಕಿಚ್ಚು ಮಿತಿಮೀರಿದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ ಎಂದು ಪಾಠದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಓದಿದ್ದೆ. ಹಾಗೇ ಆಯಿತು.

ಟೀಚರ್ ತಿರುಗಿ ನೋಡಿದರು. "ಭೇಷ್! ಒಂಚೂರೂ ಬೆಳ್ಳಗಾಗಿಲ್ಲ."

ಬಾಗಿಲಾಚೆ ಕಾಯುತ್ತಿದ್ದ ತಸ್ನೀಮ್ ಒಳಗೆ ಬಂದು ನನ್ನನ್ನು ತಬ್ಬಿಕೊಂಡಳು. "ನಂಗೊತ್ತಿತ್ತು ಕಣೇ. ಹೋದ ವರ್ಷ ನೀನು ಗೆದ್ದಾಗ ನನ್ನ ನೀರೂ ಹಿಂಗೇ ತಿಳಿಯಾಗಿತ್ತಲ್ಲ!"

ತಿಳಿಯಾಗಿತ್ತು, ನಿಜ. ಆದರೆ ಅವತ್ತು ಅವಳು ಊದಿ ಮುಗಿಸಲು ಇಡೀ ಒಂದು ಪೀರಿಯಡ್ ಹಿಡಿದಿತ್ತು.