ಕರಿ ಗೌನಿನ ಹುಡುಗಿ

ಕೋಟು ಬಿಚ್ಚಿಕೊಡಲು ಟೈಲರಮ್ಮ ಸುತಾರಾಂ ಒಪ್ಪಲಿಲ್ಲ. ಒಳಗೆ ಕಾಲಿಡಲು ಜಾಗವಿಲ್ಲ, ಸೆಕೆ ಬೇರೆ, ಇಲ್ಲೇ ಇಟ್ಟು ಹೋಗಿ ಎಂದು ಬಾಗಿಲಲ್ಲಿದ್ದ ಧಡಿಯ ಮತ್ತೆ ಮತ್ತೆ ಹೇಳಿದ. ಅವನ ಹಣೆಗೆ ಪ್ಲಾಸ್ಟಿಕ್ಕಿನ ಕೊಡಲಿಯೊಂದು ನಾಟಿಕೊಂಡಿತ್ತು. ದೆವ್ವ-ಹೆಣಗಳ ವೇಷ ಹಾಕಿಕೊಂಡು ಬರುವ ಹ್ಯಾಲೋವೀನ್ ಪಾರ್ಟಿ. ಆ ಪುಟ್ಟ ಕ್ಲಬ್ಬಿಗೆ ಬಂದವರೆಲ್ಲ ಆ ಸಂಜೆ ಒಂದಲ್ಲ ಒಂದು ರೀತಿಯಲ್ಲಿ ಸತ್ತವರೇ. ಕೊಡಲಿ ಹೊತ್ತವನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ ಎಂದು ಕೋಟು ಬಿಚ್ಚಿದಳು.

ಬಾಗಿಲ ಬಳಿ ಕೋಟು ಇಡುವ ಕೌಂಟರಿನ ಹಿಂದೆ ರಬ್ಬರಿನ ತಲೆಬುರುಡೆ ಮುಖವಾಡ, ಕೈಗವಸು, ನೆಲ ಗುಡಿಸುವ ಕರಿ ನಿಲುವಂಗಿ. ಅದು ಟೋಕನ್ ಕೊಡುವುದನ್ನೂ ಮರೆತು ಅವಳನ್ನೇ ನೋಡುತ್ತ ನಿಂತಿತ್ತು.

"ಜೇಬು ಹರಿದಿದೆ. ಮನೆ ಬೀಗದ ಕೈ ಲೈನಿಂಗ್ ಒಳಗೆ ಇಳಿದುಬಿಟ್ಟಿದೆ. ಬೀಳಿಸಬೇಡ," ಎಂದಳು ಟೈಲರಮ್ಮ.

ಬುರುಡೆ ಜೇಬಿಗೆ ಕೈಹಾಕಿ ತೂತನ್ನು ನೋಡಿತು. ಊರಿಗೆಲ್ಲ ಹೊಲಿದುಕೊಡುವವಳಿಗೆ ನಾಚಿಕೆಯಾಯಿತು. ಸ್ವಂತ ಕೋಟಿಗೆ ಪುರುಸೊತ್ತು ಎಲ್ಲಿದೆ? ಟೋಕನ್ ಕಸಿದುಕೊಂಡು ಒಳಗೆ ನುಗ್ಗಿದಳು.

ಅವಳನ್ನು ಇಲ್ಲಿಗೆ ಎಳೆತಂದದ್ದು ಅಂಗಡಿಯೆದುರು ದೀಪದ ಕಂಬಕ್ಕೆ ಅಂಟಿಸಿದ್ದ ಪೋಸ್ಟರು. ಯಾವುದೋ ಗಾಥ್ ಬ್ಯಾಂಡಂತೆ, ಕರಿ ಬಟ್ಟೆ ತೊಟ್ಟು ಸಾವಿನ ಹಾಡು ಹಾಡುವವರು. ಹಾಡುವ ಹುಡುಗಿಯ ಮುಖಕ್ಕೆ ಸುಣ್ಣ, ತುಟಿಗೆ ಮಸಿ. ಯಾರ ಮುಖವಾದರೂ ಆಗಬಹುದು. ಟೈಲರಮ್ಮ ಜನರನ್ನು ಮುಖ ನೋಡಿ ಗುರುತಿಸಿದ್ದೇ ಕಡಿಮೆ. ಅವಳು ನೋಡಿದ್ದು ಗೌನನ್ನು. ಭುಜದ ಮೇಲೆ ಒಂದರ ಮೇಲೊಂದು ಕೂತ ನೆರಿಗೆ, ಮೊಣಕೈವರೆಗೆ ಬಿಗಿದು ಆಮೇಲೆ ಅರಳಿಕೊಳ್ಳುವ ತೋಳು.

ಆ ಗೌನನ್ನು ಮಗಳು ಇದೇ ಅಂಗಡಿಯಲ್ಲಿ ಕೂತು, ಗಿರಾಕಿಗಳ ಕೆಲಸ ಬದಿಗಿಟ್ಟು, ಉಳಿದ ತುಂಡುಗಳಲ್ಲಿ ಹೊಲಿದಿದ್ದಳು. ದೆವ್ವದ ವೇಷಕ್ಕೆ ನನ್ನ ಮಷಿನ್ನೇ ಬೇಕಾಗಿತ್ತಾ ಎಂದು ಟೈಲರಮ್ಮ ಅವಳ ಕಣ್ಣೆದುರೇ ಹೊಲಿಗೆಯನ್ನೆಲ್ಲ ಬಿಚ್ಚಿ, ಬಿಚ್ಚಲು ಬಾರದ ಕಡೆ ಹರಿದು ಹಾಕಿದ್ದಳು. ಮಗಳು ಅಳಲಿಲ್ಲ. ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟವಳು ಇದುವರೆಗೆ ಒಂದು ಫೋನ್ ಕೂಡ ಮಾಡಿರಲಿಲ್ಲ.

ಮೊದಲೂ ಜಗಳವಾಗುತ್ತಿತ್ತು. ಹೆಚ್ಚಾಗಿ ಸೂಜಿಯ ವಿಷಯಕ್ಕೆ. ಅರ್ಧ ಕೆಲಸದಲ್ಲಿ ಎದ್ದಾಗೆಲ್ಲ ಮಗಳು ದಾರವಿದ್ದ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಹೋಗುವಳು. ಗಿರಾಕಿಗೆ ಚುಚ್ಚಿದರೇನು ಗತಿ ಎಂದು ಇವಳು ರೇಗಿದರೆ ಅವಳಿಗೆ ನಗು. "ಸೂಜಿ ಇದ್ರೆ ಕೆಲ್ಸ ಮುಗಿದಿಲ್ಲ ಅಂತಮ್ಮ. ವಾಪಸ್ ಬರ್ತೀನಿ ಅಂತ." ಅವಳು ಮನೆ ಬಿಟ್ಟ ದಿನ ಟೈಲರಮ್ಮ ಅಂಗಡಿಯಲ್ಲಿದ್ದ ಬಟ್ಟೆಯನ್ನೆಲ್ಲ ತಡಕಿದ್ದಳು. ಒಂದು ಸೂಜಿಯೂ ಸಿಕ್ಕಿರಲಿಲ್ಲ.

ಒಳಗೆ ಹೊಗೆ, ನೇರಳೆ ಬೆಳಕು, ಪಕ್ಕೆಲುಬಿಗೇ ಗುದ್ದುವ ಡ್ರಮ್ಮು. ನಿಂತಲ್ಲಿ ನಿಲ್ಲಲಾಗದೆ ಅವಳು ಬ್ಯಾಂಡೇಜು ಸುತ್ತಿಕೊಂಡ ಹೆಣವೊಂದನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋದಳು. ಹೆಣ ಅವಳ ಕೊರಳಲ್ಲೇ ಮರೆತುಹೋಗಿದ್ದ ಅಳತೆ ಟೇಪನ್ನು ನೋಡಿ, ಆಂಟಿಯ ವೇಷ ಎಲ್ಲರಿಗಿಂತ ಚೆನ್ನಾಗಿದೆ ಎಂದು ಹೊಗಳಿತು.

ಹಾಡುವ ಹುಡುಗಿ ಬಂದಳು. ಅದೇ ಗೌನು. ದನಿ ಮಗಳದ್ದೇ? ಹೇಗೆ ಹೇಳುವುದು? ಮಗಳು ಹಾಡಿಗೆ ಬಾಯಿ ತೆರೆದಾಗೆಲ್ಲ ಇವಳು ಮಷಿನ್ ತುಳಿದು ಮುಚ್ಚಿಹಾಕಿದ್ದೇ ಬಂತು. ಟೇಪು ಕಿತ್ತು ಬೀಸಿದಳು. ಹುಡುಗಿ ಟೇಪನ್ನು ಕಂಡಳು. ಒಂದು ಸಾಲು ತಪ್ಪಿತು. ಬಾಗಿಲ ಕಡೆ ನೋಡಿ ಮತ್ತೆ ಹಾಡು ಹಿಡಿದಳು. ಓಡಿಹೋಗುವ ಯೋಚನೆಯಿರಬೇಕು ಎಂದು ಟೈಲರಮ್ಮನಿಗೆ ಅನ್ನಿಸಿತು.

ಕೊನೆಯ ಹಾಡು ಮುಗಿಯುವ ಮೊದಲೇ ಟೈಲರಮ್ಮ ವೇದಿಕೆಯ ಹಿಂದಿನ ಓಣಿಗೆ ಓಡಿ ನಿಂತಳು. ಹುಡುಗಿ ಬಂದು ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಂಡಳು. ಸುಣ್ಣ ಹೋಯಿತು, ಮಸಿ ಹೋಯಿತು. ಕೆಳಗಿದ್ದದ್ದು ಯಾರದೋ ಮುಖ.

ಟೈಲರಮ್ಮ ಗೌನಿನ ಅಂಚು ಹಿಡಿದು ತಿರುಗಿಸಿದಳು. ತಾನು ಬಿಚ್ಚಿದ ಹೊಲಿಗೆಯ ಹಳೆಯ ತೂತುಗಳು ಹೊಸ ಹೊಲಿಗೆಯ ಪಕ್ಕದಲ್ಲಿ ಇನ್ನೂ ಹಾಗೇ ಇದ್ದವು.

"ಇದು ನಿನಗೆ ಎಲ್ಲಿ ಸಿಕ್ತಮ್ಮ?"

"ಹಳೇ ಬಟ್ಟೆ ಅಂಗಡೀಲಿ," ಎಂದಳು ಹುಡುಗಿ, ಬೇರೆಲ್ಲೋ ನೋಡುತ್ತ. ಹೊರಟವಳು ತಿರುಗಿ ಹೇಳಿದಳು, "ಹೊರಗೆ ಚಳಿ ಇದೆ. ಕೋಟು ಮರೀಬೇಡಿ."

ಅಂದರೆ ಮಗಳು ಅದನ್ನೂ ಮಾರಿಕೊಂಡಿದ್ದಳು. ಟೈಲರಮ್ಮ ಕೌಂಟರಿಗೆ ಬಂದಳು. ಬುರುಡೆ ಕೋಟನ್ನು ಎದೆಗೆ ಅವುಚಿಕೊಂಡು ಕಾಯುತ್ತಿತ್ತು. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದುಹೋಗುತ್ತದೆ ಎನಿಸಿತು.

"ಮಗಳು ಅಂದ್ಕೊಂಡು ಬಂದೆ. ಅಲ್ಲ. ಅವಳು ಅಷ್ಟು ಆಸೆಯಿಂದ ಹೊಲಿದಿದ್ದನ್ನ ಹರಿದು ಹಾಕಿದೆ ನಾನು. ತಪ್ಪಾಯ್ತು ಅಂತ ಒಂದು ಮಾತು ಹೇಳ್ಬೇಕಿತ್ತು."

ಬುರುಡೆ ಕೋಟು ಹಿಡಿದುಕೊಂಡೇ ಪರದೆಯ ಹಿಂದೆ ಹೋಯಿತು. ಕೈಗೆ ಕೊಡಬೇಕಾದ್ದನ್ನು ಮತ್ತೆ ಒಳಗೊಯ್ಯುವ ಇದೆಂಥ ಕೆಲಸ ಎಂದು ಟೈಲರಮ್ಮ ಸಿಡಿಮಿಡಿಗೊಂಡಳು. ಬಸ್ಸು ತಪ್ಪಿದರೆ ಇವರೇನು ಮನೆಗೆ ಬಿಡುತ್ತಾರೆಯೇ? ಬುರುಡೆ ಹೊರಬಂದು ಕೋಟನ್ನು ಅವಳಿಗೆ ತೊಡಿಸಿತು, ಕಾಲರು ಸರಿಮಾಡಿತು, ಇಲ್ಲದ ಧೂಳು ಕೊಡವಿತು. ಭಕ್ಷೀಸಿಗೆ ಕಾಯುತ್ತಿರಬೇಕು. ಅವಳು ಕಣ್ಣೊರೆಸಿಕೊಳ್ಳುತ್ತ ಹೊರಗೆ ನಡೆದಳು.

ನಿಲ್ದಾಣದಲ್ಲಿ ಗಾಳಿ ಕೊರೆಯುತ್ತಿತ್ತು. ಬಸ್ಸು ಬಂದು ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬೀಗದ ಕೈ ಇದೆಯೋ ಇಲ್ಲವೋ ಎಂದು ಅಭ್ಯಾಸದಂತೆ ಲೈನಿಂಗಿನ ತಳದವರೆಗೂ ಕೈಯಿಳಿಸಲು ಹೋದಳು. ಕೈ ಇಳಿಯಲಿಲ್ಲ. ಬೀಗದ ಕೈ ಜೇಬಿನಲ್ಲೇ ಇತ್ತು. ತೂತು ಹುಡುಕಿದ ಬೆರಳಿಗೆ ಸಣ್ಣ ಸಣ್ಣ ಬಿಗಿಯಾದ ಹೊಲಿಗೆಗಳು ತಾಗಿದವು.

ಹೊಲಿಗೆ ಮುಗಿಯುವಲ್ಲಿ ಬೆರಳಿಗೆ ಚುರುಕ್ಕೆಂದು ಏನೋ ಚುಚ್ಚಿತು: ದಾರವಿದ್ದ ಸೂಜಿ.